ಗುಡುಗಿದರೆ ಅತ್ತೆಯ ಎಡಗೈ

ಕಂಪ್ಯೂಟರಿಗೆ ಕೈಮುಗಿದು ಕೆಲಸ ಮಾಡಿಸಿಕೊಳ್ಳುವ ಜನ ಇದ್ದಾರೆ. ನಮ್ಮ ಅತ್ತೆ ಅದರ ಕಿವಿ ಹಿಂಡಿ ಮಾಡಿಸುತ್ತಾರೆ. ಕಿವಿ ಎಲ್ಲಿದೆ ಎಂದು ಕೇಳಿದರೆ ಕೀಬೋರ್ಡಿನ ಎಡಗಡೆಯ ಕೆಳಮೂಲೆ ತೋರಿಸುತ್ತಾರೆ. ಅದು ಕಂಟ್ರೋಲ್ ಎಂಬ ಕೀ. ಅದರ ಮೇಲಿನ ಹೆಸರು ಸವೆದುಹೋಗಿ ವರ್ಷಗಳಾದವು. (ಊರಿಗೆಲ್ಲ ಗೊತ್ತಿರುವವರಿಗೆ ಬೋರ್ಡು ಯಾಕೆ, ಅಲ್ಲವೇ?)

ಅತ್ತೆ ಎಂದರೆ ಅಪ್ಪನ ತಂಗಿ. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಎದುರು ಅವರದೊಂದು ಡಿಟಿಪಿ ಅಂಗಡಿ: ಅರ್ಜಿ, ಮದುವೆ ಕಾರ್ಡು, ಜೆರಾಕ್ಸು. ಚಿಕ್ಕಂದಿನಿಂದಲೂ ಅವರಿಗೆ ಬಲಗಣ್ಣು ಕಾಣುವುದಿಲ್ಲ. ಪರದೆಯ ಮೇಲೆ ಮೌಸಿನ ಆ ಪುಟ್ಟ ಬಾಣವನ್ನು ಒಂದೇ ಕಣ್ಣಿನಲ್ಲಿ ಹುಡುಕುವುದು ಕಷ್ಟ. ಆದರೆ ಅತ್ತೆ ಅದನ್ನು ಒಪ್ಪಿಕೊಳ್ಳುವವರೇ? ಅವರು ಮೌಸ್ ಮುಟ್ಟದಿರುವುದಕ್ಕೆ, ಅವರ ಪ್ರಕಾರ, ತಪ್ಪೆಲ್ಲ ಇರುವೆಗಳದು. ಅಂಗಡಿ ತೆರೆದ ಮೊದಲ ಮಳೆಗಾಲದಲ್ಲೇ ಇರುವೆಗಳು ಮೌಸಿನೊಳಗೆ ಸಂಸಾರ ಹೂಡಿದವು. ಚಿಕ್ಕಮಗಳೂರಿನಿಂದ ಹೊಸದು ಬರುವಷ್ಟರಲ್ಲಿ ಅತ್ತೆ ಎಲ್ಲ ಕೆಲಸವನ್ನೂ ಕೀಬೋರ್ಡಿನಲ್ಲೇ ಮಾಡಲು ಕಲಿತಿದ್ದರು. ಆ ಹೊಸ ಮೌಸ್ ಇವತ್ತಿಗೂ ಕಾರ್ಡಿನ ಸ್ಯಾಂಪಲ್ಲುಗಳು ಗಾಳಿಗೆ ಹಾರದಂತೆ ಅವುಗಳ ಮೇಲೆ ಕೂತಿದೆ. "ಅದಕ್ಕೂ ಒಂದು ಕೆಲಸ ಬೇಕಲ್ಲ, ಪಾಪ" ಎನ್ನುತ್ತಾರೆ.

ಒಮ್ಮೆ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ತಮ್ಮ ಜಾಗದ ಸರ್ವೆಗೆ ಅರ್ಜಿ ಬರೆಸಲು ಬಂದಿದ್ದರು. ಅತ್ತೆಯ ಬೆರಳು ಕೀಗಳ ಮೇಲೆ ಕೊಂಚ ಅಲುಗಿತು. ಅರ್ಜಿ ಮಾಯವಾಗಿ ಯಾರದೋ ಮದುವೆ ಕಾರ್ಡು ಪ್ರತ್ಯಕ್ಷವಾಯಿತು.

"ಅಕ್ಕಾ, ನನ್ನ ಜಾಗ ಎಲ್ಲಿ ಹೋಯ್ತು?"

"ಮದುವೆಮನೆ ಹಿಂದ್ಗಡೆ ಇದೆ, ಕೂತ್ಕೊಳಿ."

"ಸರ್ವೆಯವ್ರಿಗೂ ಹಾಗೇ ಹೇಳ್ಲಾ?"

ಇನ್ನು ಗುಡುಗಿನ ವಿಚಾರ. ನಮ್ಮಲ್ಲಿ ಗುಡುಗಿತೆಂದರೆ ಕರೆಂಟು ಹೋಯಿತೆಂದೇ ಲೆಕ್ಕ. ಅಷ್ಟರೊಳಗೆ ಕಂಟ್ರೋಲ್ ಮತ್ತು ಎಸ್ ಎರಡನ್ನೂ ಒಟ್ಟಿಗೆ ಒತ್ತಿ ಸೇವ್ ಮಾಡಿಕೊಳ್ಳದಿದ್ದರೆ ಟೈಪ್ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಹೀಗಾಗಿ ಗುಡುಗು ಕೇಳಿದೊಡನೆ ಅತ್ತೆಯ ಎಡಗೈಯ ಕಿರುಬೆರಳೂ ಉಂಗುರ ಬೆರಳೂ ಎಲ್ಲಿದ್ದರೆ ಅಲ್ಲೇ ಒತ್ತಿಬಿಡುತ್ತವೆ. ಬಸ್ಸಿನ ಸೀಟಾದರೂ ಸರಿ, ಪಕ್ಕದಲ್ಲಿ ಕೂತವರ ಚೀಲವಾದರೂ ಸರಿ! ವಸ್ತಾರೆಯ ಮದುವೆಯೊಂದರಲ್ಲಿ ಊಟಕ್ಕೆ ಕೂತಾಗ ಗುಡುಗಿತು. ಅತ್ತೆ ಬಾಳೆಲೆಯ ಎಡತುದಿಯನ್ನು ಒತ್ತಿದರು. ಬಡಿಸುವವರು ಓಡಿಬಂದು ಅಲ್ಲಿಗೆ ಉಪ್ಪು ಹಾಕಿದರು. ಮತ್ತೆ ಗುಡುಗಿತು. ಮತ್ತೆ ಉಪ್ಪು.

"ಕೈ ತೆಗೀರಿ ಅತ್ತೆ" ಎಂದೆ ಮೆಲ್ಲಗೆ.

"ಸುಮ್ನಿರು, ಪಾಯಸ ಇನ್ನೂ ಸೇವ್ ಆಗಿಲ್ಲ."

ಹೋದ ವರ್ಷ ಕಾಣುವ ಆ ಒಂದು ಕಣ್ಣಿಗೂ ಪೊರೆ ಬಂತು. ಆಪರೇಷನ್ ಮಾಡೋಣ, ಹೆದರಬೇಡಿ ಎಂದರು ಡಾಕ್ಟರು. ಆದರೆ ಇರುವುದೇ ಒಂದು ಕಣ್ಣಲ್ಲವೇ ಎಂದು ಮಾತನ್ನು ಅಲ್ಲಿಗೇ ನಿಲ್ಲಿಸಿದರು. ಕೆಲವು ದಿನಗಳ ನಂತರ ನಾನು ಅಂಗಡಿಗೆ ಹೋದಾಗ ಅತ್ತೆ ಪರದೆಗೆ ಟವೆಲ್ ಹೊದಿಸಿ ಟೈಪ್ ಮಾಡುತ್ತ ಕೂತಿದ್ದರು.

"ಇದೇನಿದು?"

"ರಿಹರ್ಸಲ್. ನಾಳೆ ಕಾಣ್ಲಿಲ್ಲ ಅಂದ್ರೆ ಅಂಗಡಿ ಮುಚ್ಚಕ್ಕಾಗುತ್ತಾ?"

ಟವೆಲ್ ಎತ್ತಿ ನೋಡಿದೆ. ಮದುವೆ ಕಾರ್ಡು ಸಿದ್ಧವಾಗಿತ್ತು. ದಪ್ಪಕ್ಷರ ದಪ್ಪವಾಗಿ, ಗಣಪತಿ ನಟ್ಟನಡುವೆ. ಹುಡುಕಿದರೂ ಒಂದು ತಪ್ಪಿಲ್ಲ. ಪ್ರಿಂಟರಿಗೆ ಕಾಗದ ಹಾಕುವುದನ್ನು ಮಾತ್ರ ಮರೆತಿದ್ದರು.

"ಅದಕ್ಕೊಂದು ಕೀ ಇಟ್ಟಿಲ್ಲ ನೋಡು" ಎಂದು ಕಂಪ್ಯೂಟರ್ ಮಾಡಿದವರನ್ನೇ ಬೈದರು.

ಆಪರೇಷನ್ ದಿನ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ನರ್ಸ್ ಕರೆಯಲು ಬಂದರೂ ಅತ್ತೆ ಏಳಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಯಾರಾದರೂ ಹಾಗೆ ನೋಡಿದರೆ ನಾನು ತಲೆ ತಗ್ಗಿಸುವವಳು.

"ಒಂಚೂರು ಮುಖ ಎತ್ತು ಮಾರಾಯ್ತಿ."

ಎತ್ತಿದೆ. ನನ್ನ ಮುಂಗೈ ಮೇಲೆ ಅವರ ಕಿರುಬೆರಳೂ ಉಂಗುರ ಬೆರಳೂ ಒಟ್ಟಿಗೆ ಒತ್ತಿದವು. ಹೊರಗೆ ಒಳ್ಳೆಯ ಬಿಸಿಲಿತ್ತು.

"ಗುಡುಗ್ಲಿಲ್ವಲ್ಲ ಅತ್ತೆ."

"ಗುಡುಗೋ ತನಕ ಯಾಕೆ ಕಾಯ್ಬೇಕು?"

ಮರುದಿನ ಕಣ್ಣಿನ ಪಟ್ಟಿ ಬಿಚ್ಚಿದರು. ಅತ್ತೆ ರೆಪ್ಪೆ ಬಡಿಯುತ್ತ ನನ್ನ ಗಲ್ಲ ಹಿಡಿದು ಬೆಳಕಿನತ್ತ ತಿರುಗಿಸಿದರು. ಈ ಸಲ ನಾನು ತಲೆ ತಗ್ಗಿಸಲಿಲ್ಲ.

"ಎಲ್ಲ ಇಟ್ಟ ಹಾಗೇ ಇದೆ" ಎಂದರು. "ತಲೆ ಮಾತ್ರ ಬಾಚ್ಕೊಂಡಿಲ್ಲ."