ಬೂದುಗುಂಬಳದ ಊಟೋಪಚಾರ

"ಗಿಡಕ್ಕೆ ನೀರು ಹಾಕೋದು ಬೇರೆ, ಬಡಿಸೋದು ಬೇರೆ ಜಲಜಮ್ಮ," ಎನ್ನುತ್ತಾ ಪಕ್ಕದ ಮನೆ ನಂಜರಾಜಯ್ಯನವರು ಹೊಸ ಯಂತ್ರದ ಮೇಲಿನ ಟವೆಲ್ಲು ಎಳೆದರು.

ನಾಲ್ಕು ಗಾಲಿಯ ಗಾಡಿ. ಮೇಲೆ ಎರಡು ಬಕೆಟ್ಟು. ಒಂದರಲ್ಲಿ ನೀರು, ಇನ್ನೊಂದರಲ್ಲಿ ಅವರೇ ಕಾಯಿಸಿದ ಯಾವುದೋ ಕಷಾಯ. ಸೌಟು ಹಿಡಿದ ಒಂದು ಕೈ, ಕಾಯಿ ಎತ್ತಲು ಇನ್ನೆರಡು, ಒಣಗಿದೆಲೆ ತೆಗೆಯಲು ಕತ್ತರಿ. ಹೆಸರು ‘ಉಪಚಾರಿ’. ಸಕ್ಕರೆ ಕಾರ್ಖಾನೆಯಲ್ಲಿ ಮೀಟರು ರಿಪೇರಿ ಮಾಡಿ ನಿವೃತ್ತರಾದ ಮೇಲೆ ಈ ಮನುಷ್ಯ ನಮ್ಮನ್ನು ನೆಮ್ಮದಿಯಾಗಿರಲು ಬಿಟ್ಟಿಲ್ಲ.

ಮೈಸೂರಿನ ನಮ್ಮ ಬಡಾವಣೆಯವರು ಪಾರ್ಕಿನ ಹಿಂದಿನ ಖಾಲಿ ಜಾಗವನ್ನು ಹನ್ನೆರಡು ಪಾಲು ಮಾಡಿಕೊಂಡು ತರಕಾರಿ ಬೆಳೆಯುತ್ತೇವೆ. ದಸರಾಕ್ಕೆ ಮೊದಲು ಒಂದು ಸ್ಪರ್ಧೆ. ನಮ್ಮ ಯಜಮಾನರು ಬೂದುಗುಂಬಳಕ್ಕೆ ಏಳು ವರ್ಷ ಎರಡನೇ ಬಹುಮಾನ ತಂದು, ಮೊದಲನೆಯದು ಬರುವ ಮುಂಚೆಯೇ ಹೋಗಿಬಿಟ್ಟರು. ಅವರು ಎತ್ತಿಟ್ಟಿದ್ದ ಬೀಜದಿಂದಲೇ ಈ ಸಲ ಒಂದು ಕಾಯಿ ದುಂಡಗೆ ಕೂತಿತ್ತು. ಮೊದಲ ಬಹುಮಾನದ ಬಟ್ಟಲನ್ನು ಅವರ ಫೋಟೊ ಮುಂದೆ ಇಡಲೇಬೇಕೆಂದು ನನಗೆ ಹಠ. ಅದಕ್ಕೆ ನಿಯಮ ಒಂದೇ: ತೀರ್ಪುಗಾರರು ಬಂದಾಗ ಕಾಯಿ ಬಳ್ಳಿಯಲ್ಲೇ ಇರಬೇಕು. ಆದರೆ ಮಂಡಿನೋವಿನಲ್ಲಿ ಬಿಂದಿಗೆ ಎತ್ತಲು ಆಗುತ್ತಿರಲಿಲ್ಲ. ಒಪ್ಪಿಕೊಂಡೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ನಂಜರಾಜಯ್ಯನವರು ನನ್ನ ಪಾತಿಯಲ್ಲಿ ಒಂದು ಕಡ್ಡಿ ಚುಚ್ಚಿದರು. ಮಣ್ಣು ನೆನೆದ ಕೂಡಲೇ ಕಡ್ಡಿ ಮಾತಾಡುತ್ತದಂತೆ. ಉಪಚಾರಿ ಒಂದು ಸೌಟು ಹುಯ್ದಿತು.

"ಸಾಕು," ಎಂದಿತು ಕಡ್ಡಿ.

"ಏನ್ ಸಾಕು? ಏನೂ ತಗೊಂಡೇ ಇಲ್ಲ," ಎಂದು ಉಪಚಾರಿ ಇನ್ನೊಂದು ಸೌಟು ಸುರಿಯಿತು.

"ಸಾಕು, ಸಾಕು."

"ಸಂಕೋಚ ಪಡಬೇಡಿ. ಇದೊಂದು ನನಗೋಸ್ಕರ."

ಈ ಮಾತು ಎಲ್ಲೋ ಕೇಳಿದ ಹಾಗಿತ್ತು. "ಇದಕ್ಕೆ ಬಡಿಸೋದು ಕಲಿಸಿದ್ದು ಯಾರ್ರೀ?" ಎಂದೆ.

"ನಮ್ಮ ಸರ್ವಮಂಗಳಾ ಬಡಿಸಿರೋ ನಲವತ್ತು ಮದುವೆ ವಿಡಿಯೊ ತೋರಿಸಿದೀನಿ. ಗಿಡಕ್ಕೂ ಮರ್ಯಾದೆ ಬೇಡ್ವಾ?"

ಅವರ ಹೆಂಡತಿ ಸರ್ವಮಂಗಳಾ ಬಡಿಸಲು ನಿಂತರೆ, ಎಲೆಗೆ ಕೈ ಅಡ್ಡ ಹಿಡಿದವರ ಕೈಯ ಮೇಲೇ ಪಾಯಸ ಬೀಳುತ್ತದೆ.

ಆದರೂ ಬಾಯಿ ಮುಚ್ಚಿಕೊಂಡಿದ್ದೆ. ಏಕೆಂದರೆ ಕಾಯಿ ಮರುದಿನವೇ ಕೊಡದಷ್ಟಾಯಿತು, ಮೂರನೇ ದಿನ ಹಂಡೆಯಷ್ಟು. ಒಂಬತ್ತನೇ ಪಾಲಿನವರ ಕಾಯಿ ಚೊಂಬಿನಷ್ಟೇ ಇದ್ದದ್ದು ನೋಡಿ ಒಳಗೊಳಗೇ ಹಿಗ್ಗಿದೆ. ಸ್ಪರ್ಧೆಯ ಬೆಳಿಗ್ಗೆ ಹೋಗಿ ನೋಡಿದರೆ ಡ್ರಮ್ಮಿನಷ್ಟಾಗಿ, ಸಿಪ್ಪೆ ಕಿರ್ ಕಿರ್ ಅನ್ನುತ್ತಿದೆ. ಇನ್ನು ನಾಲ್ಕು ಸೌಟು ಬಿದ್ದರೆ ಬಿರಿಯುವುದೇ.

"ನಿಲ್ಲಿಸ್ರೀ ಅದನ್ನ!" ಎಂದು ಕೂಗಿದೆ.

"ಸ್ವಿಚ್ಚು ಇಟ್ಟಿಲ್ಲ," ಎಂದರು ನಂಜರಾಜಯ್ಯ. "ಪಂಕ್ತಿ ಮಧ್ಯೆ ಬಡಿಸೋರು ಕೈ ನಿಲ್ಲಿಸ್ತಾರಾ?"

"ಕಡ್ಡಿ ಸಾಕು ಸಾಕು ಅಂತ ಬಾಯಿ ಬಡ್ಕೋತಿದೆಯಲ್ರೀ."

"ಎಲ್ರೂ ಬಾಯಿಮಾತಿಗೆ ಹಾಗಂತಾರೆ ಅಂತ ಅದಕ್ಕೆ ಗೊತ್ತು."

ನಾನೇ ಗಾಡಿಗೆ ಅಡ್ಡ ನಿಂತು "ಸಾಕು ಕಣೋ" ಎಂದೆ. ಸೀರೆಯ ನೆರಿಗೆಗೆ ಎರಡು ಸೌಟು ಕಷಾಯ ಬಿತ್ತು. ಅಕ್ಕಪಕ್ಕದ ಪಾಲಿನವರೆಲ್ಲ ಓಡಿಬಂದು "ಸಾಕು, ಸಾಕು" ಎಂದರು. ಇಷ್ಟು ಜನ ಅತಿಥಿಗಳನ್ನು ಕಂಡ ಉಪಚಾರಿಗೆ ಹುರುಪು ಬಂದು, ಒಬ್ಬರನ್ನೂ ಬಿಡದೆ ವಿಚಾರಿಸಿಕೊಂಡಿತು. ಅಷ್ಟರಲ್ಲಿ ಗೇಟಿನ ಹತ್ತಿರ ಮೂವರು ತೀರ್ಪುಗಾರರು ಕಾಣಿಸಿಕೊಂಡರು.

ಗದ್ದಲ ಕೇಳಿ ಸರ್ವಮಂಗಳಾ ಬಂದರು. "ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ಎಲೆ ಮಡಿಸಿದೋರಿಗೆ ನಾನು ಯಾವತ್ತಾದ್ರೂ ಬಡಿಸಿದೀನಾ?" ಎಂದವರೇ ಬೇಲಿಯ ಪಕ್ಕದ ಬಾಳೆಯಿಂದ ಒಂದೆಲೆ ಕೊಯ್ದು ಕುಂಬಳಕಾಯಿಯ ಮುಂದೆ ಹಾಸಿ, ಮಡಿಸಿದರು.

ಉಪಚಾರಿ ಗಕ್ಕನೆ ನಿಂತಿತು. ಸೌಟು ಬಕೆಟ್ಟಿಗೆ ಹೋಯಿತು. ಸದ್ಯ, ಕಾಯಿ ಉಳಿಯಿತು ಎಂದು ನಾನು ಕೈ ಮುಗಿದೆ.

"ಊಟ ಆಯ್ತಾ? ನಿಧಾನ, ಏಳಿ, ಕೈ ತೊಳ್ಕೊಳ್ಳಿ," ಎಂದಿತು ಉಪಚಾರಿ. ಕಚಕ್ಕನೆ ತೊಟ್ಟು ಕತ್ತರಿಸಿ, ಎರಡೂ ಕೈಯಲ್ಲಿ ಕಾಯಿಯನ್ನು ಜೋಪಾನವಾಗಿ ಎಬ್ಬಿಸಿ, ತೀರ್ಪುಗಾರರ ಕಣ್ಣೆದುರೇ ನಲ್ಲಿಯ ಹತ್ತಿರ ಒಯ್ದು ತೊಳೆಯಿತು. ಆಮೇಲೆ ಟವೆಲ್ಲಿನಲ್ಲಿ ಒರೆಸಿತು.

ಇಂಥ ಕಾಯಿಯನ್ನು ಜನ್ಮದಲ್ಲೇ ನೋಡಿಲ್ಲ ಎಂದು ಮೂವರೂ ಹೊಗಳಿದರು. ಆದರೆ ಬಳ್ಳಿ ಬಿಟ್ಟ ಕಾಯಿಗೆ ಮೊದಲ ಬಹುಮಾನ ಕೊಡುವಂತಿಲ್ಲ, ಬೇಕಾದರೆ ಎರಡನೆಯದು ಕೊಡಬಹುದು ಎಂದರು. ಮೊದಲನೆಯದು ಆ ಚೊಂಬಿಗೆ ಹೋಯಿತು. ನಿಜ ಹೇಳುತ್ತೇನೆ, ನನಗೆ ಅಳು ಬಂತು.

ಸಂಜೆ ಯಜಮಾನರ ಫೋಟೊ ಮುಂದೆ, ಏಳು ಬಟ್ಟಲುಗಳ ಪಕ್ಕದಲ್ಲಿ ಎಂಟನೆಯದನ್ನು ಇಟ್ಟೆ. "ಎರಡನೇ ಬಹುಮಾನ ಎಂಟಾಯ್ತು, ಇನ್ನು ಸಾಕು ಕಣ್ರೀ," ಎಂದೆ.

ಬಾಗಿಲ ಹೊರಗೆ ಗಾಲಿಯ ಸದ್ದಾಯಿತು. "ಏನ್ ಸಾಕು? ಇನ್ನೊಂದು ತಗೊಳ್ಳಿ."

ಎದ್ದು ಹೋಗಿ ಚಿಲಕ ಹಾಕಿಕೊಂಡೆ. ಏಳು ವರ್ಷವೂ ಸಾಕೆನ್ನದ ಯಜಮಾನರು ಇದ್ದಿದ್ದರೆ ಅದನ್ನು ಒಳಗೆ ಕರೆದಿರುತ್ತಿದ್ದರು.