ಸೈಲೆನ್ಸರಿಗೊಂದು ಉಣ್ಣೆಯಂಗಿ

ಇಲ್ಪೊ ಯುಲಿತಾಲೊನ ಕಷ್ಟವೆಲ್ಲ ಶುರುವಾದದ್ದು ಒಂದಿಷ್ಟು ನೂಲು ಸಾಲದೆ ಹೋದದ್ದರಿಂದ. ಇನ್ನೇನು ನಾಲ್ಕೈದು ಸುತ್ತು ಹೆಣೆದರೆ ಮುಗಿಯಿತು ಅನ್ನುವಾಗ ಬೂದುಬಣ್ಣದ ಕುರಿಯುಣ್ಣೆಯ ಉಂಡೆ ಖಾಲಿಯಾಯಿತು. ಶನಿವಾರ ಸಂಜೆ, ಅಂಗಡಿ ಬಾಗಿಲು ಹಾಕಿತ್ತು. ಅಟ್ಟದ ಮೇಲಿನ ಚೀಲ ತಡಕಾಡಿದಾಗ ಅದೇ ಬಣ್ಣದ ಇನ್ನೊಂದು ಉಂಡೆ ಸಿಕ್ಕಿತು. ಬೆರಳಿಗೆ ಜಾರುತ್ತಿತ್ತು, ದೀಪಕ್ಕೆ ಹಿಡಿದರೆ ಹೊಳೆಯುತ್ತಿತ್ತು. ಅದು ಯಾವ ಕುರಿಯ ಮೈಮೇಲೂ ಬೆಳೆದದ್ದಲ್ಲ, ಪ್ಲಾಸ್ಟಿಕ್ಕಿನಿಂದ ಎಳೆದದ್ದು ಎಂದು ಅವನಿಗೆ ಗೊತ್ತಾಗದೆ ಇರಲಿಲ್ಲ. ನಾಲ್ಕು ಸುತ್ತು ತಾನೆ, ಯಾರು ನೋಡುತ್ತಾರೆ ಅಂದುಕೊಂಡು ಹೆಣೆದು ಮುಗಿಸಿದ.

ಅವನು ಹೆಣೆಯುತ್ತಿದ್ದದ್ದು ಬಂದೂಕಿನ ಸೈಲೆನ್ಸರಿಗೆ ತೊಡಿಸುವ ಅಂಗಿ. ಬಂದೂಕು ಹಿಡಿಯುವವಳು ಹೆಂಡತಿ ಹಿಲ್ಕ. ಅವಳಿಗೆ ಮೂಸ್ ಎಂಬ ದೊಡ್ಡ ಕಾಡುಜಿಂಕೆಯನ್ನು ಹೊಡೆಯುವ ಊರಿನ ಬೇಟೆ ತಂಡ ಸೇರಬೇಕೆಂದು ಬಹಳ ಆಸೆ. ಸೇರಬೇಕಾದರೆ ಗುರಿ ಪರೀಕ್ಷೆ ಪಾಸಾಗಬೇಕು. ಹಿಲ್ಕ ಎರಡು ವರ್ಷದಿಂದ ಫೇಲು.

ಅವಳ ಗುರಿ ಕೆಟ್ಟದ್ದೇನಲ್ಲ. ತೊಂದರೆಯೆಲ್ಲ ಹೆಸರಿನದು. ಸ್ವಂತ ಬಂದೂಕಿಲ್ಲದವರೆಲ್ಲ ಸಂಘದ ಒಂದೇ ಬಂದೂಕಿನಲ್ಲಿ, ಮನೆತನದ ಹೆಸರಿನ ಅಕ್ಷರದ ಸರದಿಯಂತೆ ಹೊಡೆಯಬೇಕು. ಯುಲಿತಾಲೊ ಎಂಬ ಹೆಸರಿನ ಸರದಿ ಬರುವಷ್ಟರಲ್ಲಿ ಸೈಲೆನ್ಸರು ಕಾದ ಕಾವಲಿಯಾಗಿರುತ್ತಿತ್ತು. ಅದರಿಂದೇಳುವ ಬಿಸಿಗಾಳಿ ಬಂದೂಕಿನ ಮೇಲಿನ ದುರ್ಬೀನಿನ ಮುಂದೆ ಅಲೆಅಲೆಯಾಗಿ ಕುಣಿದು, ಗುರಿಹಲಗೆಯ ಮೇಲೆ ಬಿಡಿಸಿದ ಮೂಸ್ ನೀರೊಳಗೆ ಈಜುತ್ತಿರುವಂತೆ ಕಾಣುತ್ತಿತ್ತು. ಮದುವೆಗೆ ಮುಂಚೆ ಅವಳು ಆಲ್ಟೊನೆನ್. ಅಣ್ಣ ವೊಯ್ಟೊ ಈಗಲೂ ಆಲ್ಟೊನೆನ್. ಸಾಲಿನಲ್ಲಿ ಮೊದಲಿಗ, ತಣ್ಣಗಿನ ಬಂದೂಕಿನಲ್ಲಿ ವರ್ಷವರ್ಷವೂ ಪಾಸು. ಬೇಟೆ ತಂಡಕ್ಕೂ ಅವನೇ ಯಜಮಾನ.

"ನಿನ್ನ ಹೆಸರು ಕಟ್ಟಿಕೊಂಡೆ ನೋಡು, ಸಾಲಿನ ಬಾಲಕ್ಕೆ ಬಿದ್ದೆ" ಎಂದು ಹಿಲ್ಕ ಆಗಾಗ ಅನ್ನುತ್ತಿದ್ದಳು.

ಇಲ್ಪೊಗೆ ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಆದರೆ ಆ ಬಿಸಿಗಾಳಿ ತಡೆಯುವ ಅಂಗಿ ಹೆಣೆಯುವುದರ ಹಿಂದೆ ಬೇರೊಂದು ಲೆಕ್ಕವಿತ್ತು. ಹಿಲ್ಕಳಿಗೆ ಭಾನುವಾರ ಬಂದರೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ಒಂದು ಭಾನುವಾರ ದೋಣಿಗೆ ಬಣ್ಣ, ಇನ್ನೊಂದು ಭಾನುವಾರ ಉಗಿಸ್ನಾನದ ಸೌನಾದ ಚಿಮಣಿ, ಮತ್ತೊಂದು ಭಾನುವಾರ ಬೆನ್ನು ಮುರಿಯುವಷ್ಟು ಕಾಡಿನ ಹಣ್ಣು. ವಾರವೆಲ್ಲ ಅಂಚೆ ವ್ಯಾನು ಓಡಿಸುವ ಇಲ್ಪೊಗೆ ಬೇಕಿದ್ದದ್ದು ಒಂದು ಸೋಫಾ, ಎರಡು ಹೆಣಿಗೆ ಕಡ್ಡಿ ಮತ್ತು ನಿಶ್ಶಬ್ದ. ಬೇಟೆ ತಂಡ ಶರತ್ಕಾಲವಿಡೀ ಭಾನುವಾರ ಕಾಡಿನಲ್ಲಿರುತ್ತದೆ. ಹಿಲ್ಕ ಪಾಸಾದರೆ ಅಷ್ಟೂ ಭಾನುವಾರ ಅವನದೇ.

ಮರುದಿನ ಬೆಳಗ್ಗೆ ಗುರಿ ಪರೀಕ್ಷೆಯ ಮೈದಾನದಲ್ಲಿ ಅಂಗಿ ಹೊರತೆಗೆದಾಗ ಮೊದಲು ನಕ್ಕವನು ವೊಯ್ಟೊ. ಬಂದೂಕಿಗೆ ನೆಗಡಿಯಾಗಿದೆಯಾ, ಕಿವಿಗೂ ಒಂದು ಟೋಪಿ ಹೆಣೆಯಬಾರದಿತ್ತಾ ಎಂದು ಕೇಳಿದ. ಸಾಸೇಜು ಸುಡುವ ಬೆಂಕಿಯ ಸುತ್ತ ಕಾಫಿ ಹಿಡಿದು ನಿಂತವರೆಲ್ಲ ನಕ್ಕರು. ಮೈದಾನದ ಉಸ್ತುವಾರಿ ಮುದುಕ ಆಹ್ತಿ ಮಾತ್ರ ನಗಲಿಲ್ಲ. ಅವನು ಜೀವಮಾನದಲ್ಲಿ ನಕ್ಕದ್ದನ್ನು ಕಂಡವರೂ ಇರಲಿಲ್ಲ. ಅಂಗಿಯನ್ನು ತಿರುವಿ ನೋಡಿದ, ಮೂಸಿ ನೋಡಿದ.

"ಕುರಿಯುಣ್ಣೆ ತಾನೆ?"

"ಅಪ್ಪಟ" ಅಂದ ಇಲ್ಪೊ.

"ಸರಿ ಹಾಗಾದ್ರೆ. ಒಂದು ಮಾತು, ಎಲ್ಲರಿಗೂ ಹೇಳ್ತಿದೀನಿ. ಹೊಡೆದಾದ ಮೇಲೆ ಬಂದೂಕಿನ ಬಾಯಿ ಗುರಿಯ ಕಡೆಗೇ ಇರಬೇಕು, ಗುಂಡಿನ ಮನೆ ಖಾಲಿ ಮಾಡಿ ತೆರೆದಿಡಬೇಕು. ಸೈಲೆನ್ಸರ್ ಹತ್ರ ಯಾರೂ ಕೈ ಇಡಬಾರದು. ಮುಟ್ಟಲೇಬೇಕು ಅಂದ್ರೆ ಚರ್ಮದ ಕೈಗವಸು ಇದೆ, ಅದನ್ನ ಹಾಕ್ಕೊಂಡು ನಾನು ಮುಟ್ತೀನಿ."

ಮೊದಲು ವೊಯ್ಟೊ ಹೊಡೆದ, ಎಂದಿನಂತೆ ಪಾಸಾಗಿ ಸಾಸೇಜಿನ ಬೆಂಕಿಗೆ ಹೋದ. ಅಕ್ಷರಗಳು ಒಂದೊಂದಾಗಿ ಕೆಳಗಿಳಿದವು. ಪ್ರತಿವರ್ಷ ಬಿಸಿಗಾಳಿಗೆ ಬೈಯುತ್ತ ಏಳುತ್ತಿದ್ದವರು ಈ ಸಲ ದುರ್ಬೀನು ಕನ್ನಡಿಯ ಹಾಗಿದೆ ಅಂದರು. ಗ್ರಂಥಾಲಯದ ಸಿರ್ಕು ನನಗೂ ಒಂದು ಹೆಣೆದುಕೊಡು ಎಂದು ಮುಂಗಡ ಹೇಳಿಬಿಟ್ಟಳು. ಇಲ್ಪೊ ಕೈ ಹಿಂದೆ ಕಟ್ಟಿಕೊಂಡು, ಉಣ್ಣೆಯ ಗುಣವೇ ಅಂಥದ್ದು, ಎಷ್ಟು ಕಾದರೂ ಜಪ್ಪಯ್ಯ ಅನ್ನುವುದಿಲ್ಲ ಎಂದು ಮದುಮಗನ ಅಪ್ಪನ ಹಾಗೆ ವಿವರಿಸುತ್ತ ಓಡಾಡಿದ. ಆದರೆ ಆ ಅಂಗಿ ಗಾಳಿಯ ಕುಣಿತ ನಿಲ್ಲಿಸಿತ್ತೇ ಹೊರತು ಬಿಸಿಯನ್ನು ಒಳಗೇ ಹಿಡಿದಿಟ್ಟಿತ್ತು.

ಹಿಲ್ಕಳಿಗಿಂತ ಒಂದು ಸರದಿ ಮುಂಚೆ, ಚರ್ಚಿನ ಗಂಟೆ ಬಾರಿಸುವ ವಿಲ್ಯಾಮಿ ಹೊಡೆಯುತ್ತಿದ್ದಾಗ ವಾಸನೆ ಶುರುವಾಯಿತು. ಸಾಸೇಜು ಸೀದಿದೆ ಅಂದಳು ಸಿರ್ಕು. ನನ್ನ ಸಾಸೇಜು ಸೀಯುವುದಿಲ್ಲ, ಯಾರದೋ ಬೂಟು ಬೆಂಕಿಗೆ ಹತ್ತಿರವಿದೆ ನೋಡಿ ಅಂದ ವೊಯ್ಟೊ. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಿರುವಾಗ ಅಂಗಿಯ ತುದಿಯ ನಾಲ್ಕು ಸುತ್ತಿನಿಂದ ಕಪ್ಪು ಹೊಗೆ ಎದ್ದಿತು.

ಆಹ್ತಿ ಸೀಟಿ ಊದಿದ. ವಿಲ್ಯಾಮಿ ಗುಂಡಿನ ಮನೆ ತೆರೆದು ಬಂದೂಕನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದ. ಯಾರೂ ಹತ್ತಿರ ಹೋಗಬೇಡಿ ಎಂದು ಹೇಳಿ ಆಹ್ತಿ ಕೈಗವಸಿಗಾಗಿ ಗೂಟಕ್ಕೆ ಕೈ ಹಾಕಿದರೆ ಗೂಟ ಖಾಲಿ. ಅತ್ತ ನೋಡಿದರೆ ವೊಯ್ಟೊ ಅದನ್ನು ತೊಟ್ಟು ಸಾಸೇಜು ತಿರುವುತ್ತಿದ್ದಾನೆ. ಆಹ್ತಿ ಅವನ ಕಡೆಗೆ ನಡೆದ.

ಇಲ್ಪೊ ನೋಡುತ್ತಲೇ ಇದ್ದ. ಅಪ್ಪಟ ಕುರಿಯುಣ್ಣೆ ಈಗ ಬಿಸಿ ಚೀಸಿನ ಹಾಗೆ ತೊಟ್ಟಿಕ್ಕುತ್ತಿತ್ತು. ಎರಡು ಕ್ಷಣದಲ್ಲಿ ಇಡೀ ಊರು ಬಗ್ಗಿ ನೋಡುತ್ತದೆ. ಅದಕ್ಕೆ ಮುಂಚೆ ಹಿಲ್ಕ ನೋಡುತ್ತಾಳೆ. ಎಳೆದು ಪೊದೆಗೆ ಎಸೆದುಬಿಟ್ಟರೆ ಆಯಿತು ಅನ್ನಿಸಿತು. ನುಗ್ಗಿ ಬರಿಗೈಯಲ್ಲಿ ಅಂಗಿಯನ್ನು ಹಿಡಿದ.

ಬೈಕಿನ ಸೈಲೆನ್ಸರು ಕಾಲಿಗೆ ತಾಗಿಸಿಕೊಂಡವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಅವನ ಬಾಯಿಂದ ಬಂದ ಸದ್ದು ಅಡಗಿಸಲು ಯಾವ ಸೈಲೆನ್ಸರೂ ಇರಲಿಲ್ಲ.

ಆಮೇಲೆ ಊರಿಗೆ ಊರೇ ವೈದ್ಯರಾಯಿತು. ಸಿರ್ಕು ಬೆಣ್ಣೆ ತಂದಳು. ವಿಲ್ಯಾಮಿ ಮರದಿಂದ ಬಸಿದ ಡಾಂಬರು ಹಚ್ಚಿದರೆ ಗುಣವಾಗದ ಕಾಯಿಲೆಯೇ ಇಲ್ಲ ಅಂದ. ವೊಯ್ಟೊ ಸಾಸಿವೆ ಗೊಜ್ಜಿನ ಕೊಳವೆ ಹಿಡಿದು, "ಕೈ ಚಾಚು ಭಾವ, ಉರೀನ ಉರೀನೇ ತೆಗೀಬೇಕು" ಎಂದು ಬೆನ್ನಟ್ಟಿದ. ಆಹ್ತಿ ಎಲ್ಲರನ್ನೂ ಗದರಿ ಓಡಿಸಿ, ಅಂಟಿಕೊಂಡದ್ದನ್ನು ಕೀಳಬೇಡ, ತಣ್ಣೀರೊಂದೇ ಮದ್ದು, ನಾನು ಹೇಳುವವರೆಗೆ ಕೈ ಎತ್ತಬೇಡ ಎಂದು ಅವನನ್ನು ಮೈದಾನದ ಹಿಂದಿನ ಕೆರೆಯ ಹಲಗೆಗಟ್ಟೆಯ ಮೇಲೆ ಬೋರಲು ಮಲಗಿಸಿ ಕೈಯನ್ನು ನೀರಿಗೆ ಇಳಿಬಿಡಿಸಿದ. ಸಣ್ಣ ಮೀನುಗಳು ಬಂದು ಬೆರಳು ಮೂಸಿದವು.

ಅತ್ತ ಸೈಲೆನ್ಸರನ್ನೂ ಕೆರೆಗೆ ಅದ್ದಿಬಿಡೋಣ ಎಂದು ವೊಯ್ಟೊ ಸಲಹೆ ಕೊಟ್ಟ. ಕಾದ ಲೋಹವನ್ನು ತಣ್ಣೀರಿಗೆ ಹಾಕಿ ಹಾಳುಮಾಡಬೇಕಾ ಎಂದು ಆಹ್ತಿ ಬೈದು, ಅದು ತಾನಾಗಿ ಪೂರ್ತಿ ಆರುವವರೆಗೆ ಒಬ್ಬರೂ ಹೊಡೆಯುವಂತಿಲ್ಲ ಅಂದ. ಎಲ್ಲರೂ ಮತ್ತೆ ಕಾಫಿಗೆ ಕೂತರು.

ಹಿಲ್ಕ ಕೆರೆಯ ಬಳಿ ಬಂದಳು. ಹಲಗೆಯ ಮೇಲೆ ಅವನ ಪಕ್ಕದಲ್ಲಿ ಕೂತಳು.

"ಅಪ್ಪಟ ಉಣ್ಣೆ ಅಂದಿದ್ದೆ."

"ಕೊನೇ ನಾಲ್ಕು ಸುತ್ತಿಗೆ ಸಾಲಲಿಲ್ಲ ಕಣೇ."

"ಅಂಗಿ ಸುಟ್ಟರೆ ಸುಡಲಿ ಅಂತ ಬಿಡೋದಲ್ವಾ? ಕೈ ಹಾಕೋದು ಅಂದ್ರೆ ಏನೋ ಇದು? ಯಾಕೆ ಇಷ್ಟೆಲ್ಲ?"

ಸೋಫಾದ ವಿಷಯ ಹೇಳಲು ಅದು ಸಮಯವಲ್ಲವೆಂದು ಇಲ್ಪೊಗೆ ತೋರಿತು. ನೀರು ನೋಡುತ್ತ, "ನಿನ್ನ ಆಸೆ ಈ ವರ್ಷನಾದ್ರೂ ಈಡೇರಲಿ ಅಂತ" ಅಂದ.

ಹಿಲ್ಕಳ ಕಣ್ಣು ತುಂಬಿತು. ಅವನ ತಲೆಗೂದಲು ಒಮ್ಮೆ ಕೆದರಿ ಎದ್ದು ಹೋದಳು.

ಸೈಲೆನ್ಸರು ಬೆಳಗಿನ ಇಬ್ಬನಿಯಷ್ಟು ತಣ್ಣಗಾದ ಮೇಲೆ ಆಹ್ತಿ ಕರಗಿ ಹೆಪ್ಪುಗಟ್ಟಿದ್ದನ್ನೆಲ್ಲ ಮರದ ಚಕ್ಕೆಯಿಂದ ಹೆರೆದು, ಒಳಗೂ ಹೊರಗೂ ಪರೀಕ್ಷಿಸಿ, ಹಿಲ್ಕಳ ಹೆಸರು ಕರೆದ. ಸಾಲಿನ ಬಾಲದಲ್ಲಿದ್ದವಳಿಗೆ ಆವತ್ತು ಆಲ್ಟೊನೆನ್ನರಿಗೆ ಸಿಗುವಂಥ ತಣ್ಣಗಿನ ಬಂದೂಕು ಸಿಕ್ಕಿತು. ಬೋರಲು ಮಲಗಿದ್ದ ಇಲ್ಪೊಗೆ ಮೆತ್ತನೆಯ ಸದ್ದುಗಳು ಒಂದರ ಹಿಂದೊಂದು ಕೇಳಿಸಿದವು. ಆಮೇಲೆ ಮೌನ. ಆಮೇಲೆ ಊರೆಲ್ಲ ಕೂಗುವ ಸದ್ದು. ಅಷ್ಟೂ ಗುಂಡು ಮೂಸ್‌ನ ಎದೆಯ ವೃತ್ತದೊಳಗೇ ಬಿದ್ದಿದ್ದವು.

ಕೈ ಉರಿಯುತ್ತಿದ್ದರೂ ಇಲ್ಪೊಗೆ ಹೊಟ್ಟೆಯಲ್ಲಿ ತಂಪಾಯಿತು. ಖಾಲಿ ಮನೆ, ಕಿಟಕಿಯಾಚೆ ಹಳದಿಯಾಗುವ ಬರ್ಚ್ ಮರ, ಗಡಿಯಾರದ ಟಿಕ್‌ಟಿಕ್. ಒಂದು ಅಂಗೈ ಕೊಟ್ಟು ಒಂದು ಶರತ್ಕಾಲವನ್ನೇ ಕೊಂಡಂತಾಗಿತ್ತು. ಎಡಗೈಯಲ್ಲೂ ಹೆಣೆಯಲು ಕಲಿತರಾಯಿತು.

ಆರೋಗ್ಯ ಕೇಂದ್ರಕ್ಕೆ ಹಿಲ್ಕಳೇ ಕಾರು ಓಡಿಸಿದಳು. ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಿದ್ದಳು. ನರ್ಸು ಅಂಟಿದ್ದನ್ನು ನಾಜೂಕಾಗಿ ತೆಗೆದು, ಕೈಗೆ ಎಲೆಕೋಸಿನ ಗಾತ್ರದ ಪಟ್ಟಿ ಸುತ್ತಿ, ಬೇಟೆ ಶುರುವಾಗುವಷ್ಟರಲ್ಲಿ ಗುಣವಾಗುತ್ತದೆ ಅಂದಳು. ಮತ್ತೆ ಕಾರು ಹತ್ತಿದ ಮೇಲೆ ಹಿಲ್ಕ ಕೀಲಿ ತಿರುಗಿಸದೆ ಅವನ ಕಡೆ ತಿರುಗಿದಳು.

"ನಿನಗೆ ಒಂದು ವಿಷಯ ಹೇಳಿಲ್ಲ. ಅಣ್ಣ ನನ್ನನ್ನ ತಂಡಕ್ಕೆ ಸೇರಿಸ್ಕೊಂಡ. ಆದ್ರೆ ನಾನು ಒಬ್ಬಳೇ ಬರಲ್ಲ ಅಂದೆ. ನನಗೋಸ್ಕರ ಕೈ ಸುಟ್ಟುಕೊಂಡವನನ್ನ ಭಾನುವಾರವೆಲ್ಲ ಮನೇಲಿ ಒಂಟಿಯಾಗಿ ಕೂರಿಸಿ ಹೋಗೋಕೆ ನನಗೆ ಮನಸ್ಸು ಬರುತ್ತಾ?"

ಇಲ್ಪೊ ಪಟ್ಟಿ ಸುತ್ತಿದ ಕೈ ನೋಡಿಕೊಂಡ.

"ಬೇಟೆ ಗುಡಿಸಲಲ್ಲಿ ಸೂಪು ಮಾಡೋರು ಬೇಕಾಗಿದ್ರಂತೆ. ನಿನ್ನ ಹೆಸರು ಕೊಟ್ಟೆ. ಸೌಟು ಹಿಡಿಯೋಕೆ ಎಡಗೈ ಆದ್ರೂ ಸಾಕು ಅಂದ ಅಣ್ಣ. ಬೆಳಕು ಹರಿಯೋ ಮುಂಚೆ ಒಲೆ ಹಚ್ಚಬೇಕಲ್ಲ, ಅದಕ್ಕೆ ನಾವಿಬ್ರೂ ಶನಿವಾರ ಸಂಜೆನೇ ಹೊರಡೋದು."

ಹೀಗೆ ಭಾನುವಾರದ ಜೊತೆಗೆ ಶನಿವಾರವೂ ಹೋಯಿತು. ಇಲ್ಪೊ ಎಲೆಕೋಸಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡಿದ. ಹಿಲ್ಕ ಅವನ ಹೆಗಲಿಗೆ ಒಂದು ಗಳಿಗೆ ತಲೆ ಆನಿಸಿದಳು. ಹೀಗೆ ಅವಳು ತಲೆ ಆನಿಸಿ ಎಷ್ಟು ಕಾಲವಾಗಿತ್ತೋ ಅವನಿಗೇ ನೆನಪಿರಲಿಲ್ಲ. ಸೋಫಾ ಇಷ್ಟು ಬೆಚ್ಚಗೆ ಇರುವುದಿಲ್ಲ ಎಂದೂ ಆ ಹೊತ್ತಿಗೆ ಅನ್ನಿಸಿತು, ಸುಳ್ಳೇಕೆ.

ಕಾರು ಹೊರಟಿತು. ಹೆದ್ದಾರಿ ಸೇರಿತು.

"ಗುಡಿಸಲಲ್ಲಿ ಈರುಳ್ಳಿ ಇರುತ್ತಾ," ಎಂದು ಕೊನೆಗೆ ಕೇಳಿದ, "ಇಲ್ಲ ನಾವೇ ಹೊತ್ಕೊಂಡು ಹೋಗ್ಬೇಕಾ?"