ಅರ್ಧ ಥೇಪ್ಲಾ ತಿಂದ ಅಪರಾಧದ ಕುರಿತು

ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಮರೆವಿನ ಕಾಯಿಲೆಯವರನ್ನು ಮನೆಗೇ ಬಂದು ನೋಡಿಕೊಳ್ಳುವ ಸಂಸ್ಥೆಯ ಮೇಲ್ವಿಚಾರಕರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ನಿಯಮಾವಳಿಯೂ ಕ್ಷೇಮವೆಂದು ನಂಬಿ, ನನ್ನ ಅತ್ತೆ ಜಡಾವ್‌ಬೆನ್ ಅವರ ಪರವಾಗಿ ನಮಸ್ಕರಿಸುತ್ತೇನೆ. ನಾನು ಬಿಸ್ಕತ್ತಿನ ಕಾರ್ಖಾನೆಗೆ ಹೋದಾಗ ಮಧ್ಯಾಹ್ನ ಅವರಿಗೆ ಉಣ್ಣಿಸಲು ತಾವು ಜನ ಕಳಿಸುತ್ತೀರಿ. ದಕ್ಷಿಣ ಏಷ್ಯಾದ ಕುಟುಂಬಗಳ ರೀತಿನೀತಿ ಬಲ್ಲವರೆಂದು ಸಾರುವ ತಮ್ಮ ಕರಪತ್ರದಲ್ಲಿ ಸೀರೆಯುಟ್ಟ ಅಜ್ಜಿಯೊಬ್ಬರು ನಗುತ್ತಿದ್ದಾರೆ. ತಮ್ಮವರು ಬಾಗಿಲಲ್ಲೇ ಬೂಟು ಕಳಚುತ್ತಾರೆ. ಇಷ್ಟು ಬಲ್ಲವರಿಗೆ ಇನ್ನೊಂದು ಚೂರು ಹೇಳುವುದು ಅಧಿಕಪ್ರಸಂಗವೇ ಸರಿ.

ಅತ್ತೆ ಏನೆಲ್ಲ ಮರೆತರೂ, ಬಂದವರು ಉಣ್ಣದೆ ತಾವು ಉಣ್ಣಬಾರದೆಂಬುದನ್ನು ಮರೆತಿಲ್ಲ. ತಮ್ಮ ನಿಯಮವೋ, ಹೋದ ಮನೆಯಲ್ಲಿ ಹನಿ ನೀರೂ ಮುಟ್ಟಕೂಡದು. ಹೀಗಾಗಿ ಅತ್ತೆ ತಟ್ಟೆಯನ್ನು ತಾವು ಕಳಿಸುತ್ತಿದ್ದ ಡೆನೀಸ್ ಕಡೆಗೆ ತಳ್ಳುವುದು, ಆಕೆ ಅದನ್ನು ಹಿಂದಕ್ಕೆ ತಳ್ಳುವುದು, ಹೊತ್ತು ಮುಗಿಯುವುದು, ವರದಿಯಲ್ಲಿ ‘ಊಟ ಒಲ್ಲೆ ಎಂದರು’ ಎಂದು ಬೀಳುವುದು. ಸಂಜೆ ನನ್ನನ್ನೂ ಯಾರೋ ನೆಂಟಳೆಂದು ತಿಳಿದು ಮೊದಲು ನನಗೆ ಬಡಿಸುತ್ತಾರೆ. ನಾನು ನಿಯಮವಿಲ್ಲದ ಹೆಂಗಸು, ಉಣ್ಣುತ್ತೇನೆ. ಆಮೇಲೆ ಅವರೂ ಉಣ್ಣುತ್ತಾರೆ.

ಕಳೆದ ತಿಂಗಳು ನಾನು ರಜೆಯಲ್ಲಿದ್ದ ದಿನ ಅತ್ತೆ ಡೆನೀಸಳ ಗಲ್ಲ ಹಿಡಿದು, “ಮುಖ ಬಾಡೋಗಿದೆಯಲ್ಲೇ ಮಗಳೇ. ನೀ ಹಸ್ಕೊಂಡು ಕೂತ್ರೆ ನನ್ಗೆ ತುತ್ತು ಇಳಿಯುತ್ತಾ?” ಎಂದರು. ನಾನು ಇಂಗ್ಲಿಷಿನಲ್ಲಿ ಅರ್ಥ ಹೇಳಿದೆ. ಡೆನೀಸ್ ಬಾಗಿಲ ಕಡೆ ಒಮ್ಮೆ ನೋಡಿ, ನಮ್ಮ ಮೆಂತ್ಯದ ರೊಟ್ಟಿ ಥೇಪ್ಲಾವನ್ನು ಅರ್ಧ ಮುರಿದು ತಿಂದಳು. ಅತ್ತೆ ಎರಡು ತಿಂದು, ಉಪ್ಪಿನಕಾಯಿಯನ್ನೂ ಕೇಳಿದರು. ಸತ್ಯವಂತೆಯಾದ ಡೆನೀಸ್ ಅದನ್ನು ತಮಗೆ ವರದಿ ಮಾಡಿದಳು. ತಾವು ಅದನ್ನು ಲಂಚವೆಂದು ಬಗೆದು ಅವಳನ್ನು ಊರಿನ ಆಚೆ ಕೊನೆಗೆ ಹಾಕಿದಿರಿ. ಇಂಥ ಶುದ್ಧಹಸ್ತರ ಆಳ್ವಿಕೆಯಲ್ಲಿ ಬದುಕುವುದು ನಮ್ಮ ಪೂರ್ವಪುಣ್ಯ.

ಈಗ ಬರುವಾಕೆ ಕೈಗವಸು ಸಹಿತ ಬಹಳ ಶಿಸ್ತಿನವಳು. ಅತ್ತೆಯ ಬಳೆ ಮೊಣಕೈವರೆಗೆ ಜಾರುತ್ತಿದೆ. ನನಗೆ ಭಯವಾಗಿದೆ, ಮಾನ್ಯರೇ.

ಆದ್ದರಿಂದ ಡೆನೀಸಳನ್ನು ಮರಳಿ ಕೊಡಬೇಕು. ಆಗದಿದ್ದರೆ ‘ಉಣ್ಣುವ ಅಧಿಕಾರಿ’ ಎಂಬ ಹುದ್ದೆ ಸೃಷ್ಟಿಸಿ, ಹಸಿದ ಅಭ್ಯರ್ಥಿಯೊಬ್ಬರನ್ನು ನೇಮಿಸಿ, ಖಾರ ತಡೆಯುವ ತರಬೇತಿ ಕೊಟ್ಟು, ಪ್ರಮಾಣಪತ್ರದೊಂದಿಗೆ ಕಳಿಸಬೇಕು. ಥೇಪ್ಲಾ ನಮ್ಮದೇ.

ತಮ್ಮ ವಿಶ್ವಾಸಿ, ಹೊಟ್ಟೆತುಂಬ ಉಂಡ ತಪ್ಪಿತಸ್ಥೆ,
ಭಾನುಮತಿ ರೂಪಾರೇಲಿಯಾ

ಮರೆತ ಮಾತು: ತನಿಖೆಗೆ ತಾವೇ ಬರುವುದಾದರೆ ಮಧ್ಯಾಹ್ನ, ಹಸಿದು ಬನ್ನಿ. ತಾವು ಯಾರೆಂದು ಅತ್ತೆಗೆ ತಿಳಿಯದು. ನಾನು ಯಾರೆಂದೇ ತಿಳಿಯದು. ಬಡಿಸಿದ್ದನ್ನು ತಿಂದುಬಿಡಿ. ನಿಯಮ ನೆನಪಾಗಿ ತಾವು ಕೈ ಹಿಂದೆಗೆದರೆ, ಅಂದೂ ಅವರು ಉಪವಾಸ.